ತಾಲೀಮಿನ ದಿನವೇ ನಡೆದೆ

ಹಾರ್ಲನ್, ಶುಕ್ರವಾರ ಸಂಜೆ

ಪ್ರೀತಿಯ ಅಜ್ಜಿ,

ಮದುವೆಯ ಹಿಂದಿನ ದಿನದ ತಾಲೀಮಿನಲ್ಲಿ ಮದುಮಗಳೇ ಅಪ್ಪನ ತೋಳು ಹಿಡಿದು ನಡೆದರೆ ಮದುವೆಗೆ ಕೇಡು ಎಂದು ನೀನು ಹೇಳಿದ್ದೆ. ಅದಕ್ಕೇ ಇಂದು ಚರ್ಚಿನಲ್ಲಿ ನನ್ನ ಬದಲು ನಡೆಯಲು ಗೆಳತಿ ವರ್ನಾ ಸಿದ್ಧಳಾಗಿದ್ದಳು. ಅಷ್ಟರಲ್ಲಿ ಅಪ್ಪ ಮೂಗಿನ ಆಮ್ಲಜನಕದ ನಳಿಕೆ ತೆಗೆದು ಎದ್ದು ನಿಂತರು.

"ಇವತ್ತು ಕಾಲು ನಿಲ್ತಿದೆ ಮಗಳೇ. ನಾಳೆದು ಯಾರಿಗೆ ಗೊತ್ತು? ನೀನೇ ಬಾ."

ನಡೆದೆ, ಅಜ್ಜಿ. ದಾರಿಯಲ್ಲಿ ಅಪ್ಪ ಎರಡು ಸಲ ನಿಂತು ಉಸಿರೆಳೆದುಕೊಂಡರು. ನನ್ನ ಕೈಯನ್ನು ಮದುಮಗ ಕ್ಲೈಡ್‌ನ ಕೈಯಲ್ಲಿಟ್ಟು, "ಸರಿ, ನನ್ನ ಕೆಲಸ ಆಯ್ತು" ಅಂದರು.

ಈಗ ಆಸ್ಪತ್ರೆಯಲ್ಲಿದ್ದಾರೆ. ಮದುವೆ ಮುಂದೂಡಬೇಡ ಎಂದಿದ್ದಾರೆ. ಬೈಯುವುದಿದ್ದರೆ ಆಮೇಲೆ ಬೈ. ನಾಳೆ ನೀನು ಚರ್ಚಿಗೆ ಬರುವುದು ಬೇಡ. ಈ ಪತ್ರ ತರುವ ವರ್ನಾಳ ಜೊತೆ ಹೋಗಿ ನಿನ್ನ ಮಗನ ಪಕ್ಕ ಕೂತಿರು. ಹತ್ತೂವರೆಗೆ, ನಾವು ಮದುವೆಯ ಪ್ರಮಾಣ ಹೇಳುವಾಗ, ಫೋನ್ ಮಾಡುತ್ತೇವೆ. ಅವರ ಕಿವಿಗೆ ಹಿಡಿ.

ನಿನ್ನ ಮೊಮ್ಮಗಳು,
ಲೂರೀನ್