ಒಂದೇ ಉಸಿರಿನ ಬೈಗುಳ

ಮಂಗಳವಾರ, ಹನ್ನೆರಡನೇ ತಾರೀಖು, ರಾತ್ರಿ

ಅಕ್ಷರ ಸೊಟ್ಟ, ತಪ್ಪೂ ಇರುತ್ತದೆ. ಓದುವವಳು ನಾನೇ ತಾನೆ, ಕ್ಷಮಿಸಿಕೊಳ್ಳುತ್ತೇನೆ.

ಪುಟ್ಟಿಯ ಉಬ್ಬಸ ಇಳಿಯದಿದ್ದರೆ ಇವತ್ತು ಅಡ್ಮಿಟ್ ಮಾಡಲೇಬೇಕು ಅಂದಿದ್ದರು, ಮಕ್ಕಳ ಶ್ವಾಸಕೋಶದ ಡಾಕ್ಟರಮ್ಮ. ಹೋದೊಡನೆ ಪುಟ್ಟಿಗೆ, "ಎಲ್ಲಿ, ನಿಲ್ಲಿಸದೆ ನನ್ನ ಬೈಯೇ ನೋಡೋಣ," ಅಂದರು. ಹೋದ ಸಲ "ಕೋತಿ" ಅನ್ನುವಷ್ಟರಲ್ಲೇ ಮಗಳಿಗೆ ಏದುಸಿರು ಬಂದಿತ್ತು. ಇವತ್ತು, "ಕೋತಿ, ಗೂಬೆ, ಕಹಿ ಔಷಧಿ ಕೊಡೋ ರಾಕ್ಷಸಿ, ಸೂಜಿ ಚುಚ್ಚೋ ಸೊಳ್ಳೆ!" ಅಂತ ಒಂದೇ ಉಸಿರಿಗೆ ಬೈದಳು. ನಾನು ನಾಚಿಕೆಯಿಂದ ನೆಲ ನೋಡಿದೆ. ಡಾಕ್ಟರಮ್ಮ ಅವಳ ಬೆನ್ನಿಗೆ ಸ್ಟೆತಾಸ್ಕೋಪ್ ಇಟ್ಟು ಕೇಳಿ ನಕ್ಕರು. "ಸೊಳ್ಳೆಗೆ ಸೋಲಾಯ್ತು ಕಣೇ. ಅಡ್ಮಿಟ್ ಬೇಡ, ಮನೆಗೆ ನಡಿ."

ಎಂಥಾ ಹೆಂಗಸಪ್ಪ! ಬೈಸಿಕೊಂಡು ಮಗುವಿನ ಉಸಿರು ಅಳೆಯುತ್ತಾರೆ. ಮುಂದಿನ ಸಲ ಒಂದು ಒಳ್ಳೆ ಮಾತು ಹೇಳಬೇಕು.

ಪುಟ್ಟಿ ದಿಂಬಿಲ್ಲದೆ ಮಲಗಿದ್ದಾಳೆ. ಬೆಳಿಗ್ಗೆ ಅಳುತ್ತಾ ಅದನ್ನು ಆಸ್ಪತ್ರೆಯ ಚೀಲಕ್ಕೆ ತುರುಕಿದ್ದೆ, ಚೀಲ ಇನ್ನೂ ಬಿಚ್ಚಿಲ್ಲ.