ತೊಟ್ಟು ನೋಡಿ ಹೆಸರು ಹೇಳಿ

ಮೇ 19, ಬೆಳಿಗ್ಗೆ 6.10
ಮಂಡಿ ಟೋಕನ್ನಿನ ವೆಬ್‌ಸೈಟ್ ತೆರೆದದ್ದು ಆರಕ್ಕೆ. ನಾಲ್ಕೇ ಸೆಕೆಂಡಿಗೆ ಇನ್ನೂರು ಟೋಕನ್ನೂ ಖಾಲಿ. ಮತ್ತೆ ದಲ್ಲಾಳಿ ಗಂಗುಲಪ್ಪನ ಬಾಟ್. ರೈತ ತನ್ನ ಹೆಸರು ಟೈಪ್ ಮಾಡುವಷ್ಟರಲ್ಲಿ ಆ ದರಿದ್ರದ ಪ್ರೋಗ್ರಾಮ್ ಎಲ್ಲಾ ಬಾಚಿಕೊಂಡಿರುತ್ತದೆ. ಟೋಕನ್ ಇಲ್ಲದ ಟ್ರ್ಯಾಕ್ಟರಿಗೆ ಶ್ರೀನಿವಾಸಪುರದ ಮಂಡಿಯೊಳಗೆ ಪ್ರವೇಶವಿಲ್ಲ. ಹೊರಗೆ ಬಿಸಿಲಲ್ಲಿ ಮಾವು ಕೊಳೆಯುತ್ತದೆ. ಆಮೇಲೆ ಗಂಗುಲಪ್ಪನೇ ಬಂದು ತನಗೆ ಬೇಕಾದ ರೇಟಿಗೆ ಎತ್ತಿಕೊಂಡು ಹೋಗುತ್ತಾನೆ.

ಬೆಳೆಗಾರರ ಸಂಘಕ್ಕೆ ಸೈಟ್ ಮಾಡಿಕೊಟ್ಟವಳು ನಾನು. ಬೈಗುಳವೂ ನನಗೇ. ಟೋಕನ್ ಸಿಗದ ಬಚ್ಚಮ್ಮ ಕೊಳೆತ ಹಣ್ಣನ್ನು ಆಫೀಸಿನ ಬಾಗಿಲಿಗೆ ಎಸೆದಳು. "ಸರಳಾ, ನಿನ್ ಕಂಪ್ಯೂಟ್ರಿಗೆ ಬೆಂಕಿ ಹಾಕ."

ಮೇ 21
ಮನುಷ್ಯನೋ ಬಾಟೋ ಎಂದು ಪರೀಕ್ಷಿಸುವ ರೆಡಿಮೇಡ್ ಕ್ಯಾಪ್ಚಾ ಹಾಕಿ ನೋಡಿದೆ. ಅದಕ್ಕೆ ಜಾವಾಸ್ಕ್ರಿಪ್ಟ್ ಬೇಕು. ನಮ್ಮವರ ಬಟನ್ ಫೋನಿನಲ್ಲಿ ಅದು ಓಡದು... ಬರೀ ಬಿಳಿ ಪರದೆ.

ನನ್ನದೇ ಒಂದು ಮಾಡಿದೆ. ಒಂದು ಫೋಟೋ, ಕೆಳಗೆ ನಾಲ್ಕು ಹೆಸರು. ಹಸಿ ಕಾಯಿ, ತೊಟ್ಟಿನ ಕಡೆಯಿಂದ ತೆಗೆದದ್ದು. ಬಾದಾಮಿ, ರಸಪುರಿ, ಬೇನಿಷಾ, ಮಲಗೋವಾ — ಯಾವುದು? ಉತ್ತರ ನೋಡುವುದು ನಮ್ಮ ಸರ್ವರ್, ಫೋನಿಗೆ ಏನೂ ಕೆಲಸವಿಲ್ಲ. ಐದು ಸರಿ ಹೇಳಿದರೆ ಟೋಕನ್. ನಮ್ಮವರು ನಿದ್ದೆಗಣ್ಣಲ್ಲೂ ಹೇಳುತ್ತಾರೆ.

ಕಸಿ ಕಟ್ಟುವ ತಾಜ್ ಪಾಷಾ ಸಾಬರು ಕಾಯಿ ಹಿಡಿದರು, ನಾನು ಕ್ಲಿಕ್ ಮಾಡಿದೆ. ಅರವತ್ತು ಫೋಟೋ. "ನನ್ ಕೈಗೂ ಫಿಲಂ ಚಾನ್ಸ್ ಸಿಕ್ತು ಬಿಡಮ್ಮ" ಎಂದು ನಕ್ಕರು.

ಮೇ 24
ಬಾಟ್ ಒಂಬತ್ತು ಸಾವಿರ ಸಲ ಬಡಿದಿದೆ. ಸಿಕ್ಕಿದ್ದು ಏಳು ಟೋಕನ್. ಬಚ್ಚಮ್ಮನಿಗೆ ನಲವತ್ತೊಂದನೆಯದು. ಒಂದು ಬುಟ್ಟಿ ರಸಪುರಿ ತಂದಿಟ್ಟಳು. ಖುಷಿಯಾಯಿತು.

ಮಧ್ಯಾಹ್ನ ಗಂಗುಲಪ್ಪ ಬಂದ. ಮಾನಿಟರಿನಲ್ಲಿದ್ದ ಫೋಟೋ ಬಹಳ ಹೊತ್ತು ನೋಡಿದ. ಹವಳದುಂಗುರದ ಬೆರಳಿನಿಂದ ಮುಟ್ಟಿ, "ಚೆನ್ನಾಗೈತಮ್ಮ" ಎಂದ. ಹೋದ.

ಮೇ 30
ಐದು ದಿನ ಬರೆಯಲಾಗಲಿಲ್ಲ.

ಮೂರ್ಖಳು ನಾನು. ಕಾಯಿಯನ್ನಷ್ಟೇ ಕ್ರಾಪ್ ಮಾಡಿ ಹಾಕಬೇಕಿತ್ತು. ಅರವತ್ತರಲ್ಲೂ ಸಾಬರ ಕೈ — ಹೆಬ್ಬೆರಳಿನ ತುದಿ ಹೋದ ಆ ಎಡಗೈ. ತಾಲ್ಲೂಕಿನ ಎಲ್ಲಾ ತೋಟಕ್ಕೂ ಗೊತ್ತಿರುವ ಕೈ.

25ರ ಸಂಜೆ ಮೂವರು ದಾರಿಯಲ್ಲಿ ತಡೆದರು. ಮಾವಿನ ಕ್ರೇಟಿನ ಮೇಲೆ ಆ ಕೈ ಇಡಿಸಿ ಸೈಜುಗಲ್ಲಿನಿಂದ ಜಜ್ಜಿದರು. ಒಂದೊಂದೇ ಬೆರಳು. ಪ್ರತಿ ಏಟಿಗೂ ಕೇಳಿದರಂತೆ: "ಇದು ಬಾದಾಮಿನಾ? ಇದು ರಸಪುರಿನಾ?" ನಾಲ್ಕನೆಯದಕ್ಕೆ ಸಾಬರಿಗೆ ಎಚ್ಚರ ತಪ್ಪಿದೆ.

ಕೋಲಾರದ ಆಸ್ಪತ್ರೆಯಲ್ಲಿ ಮೂರು ಬೆರಳು ತೆಗೆದರು. ಅವರ ಹೆಂಡತಿ ಕರೀಮುನ್ನೀಸಾ ನನ್ನ ಮುಖ ನೋಡಲಿಲ್ಲ. "ಮರದಿಂದ ಬಿದ್ರು ಅಂತ ಬರ್ಕೊಂಡು ಹೋದ ಆ ಪೇದೆ" ಎಂದರು ಗೋಡೆಗೆ.

ಗಂಗುಲಪ್ಪನನ್ನು ಕೊಲ್ಲಬೇಕು ಅನ್ನಿಸುತ್ತಿದೆ. ಬಾಯಿಮಾತಿಗಲ್ಲ.

ಮೇ 31
ಕ್ಯಾಪ್ಚಾ ತೆಗೆದುಬಿಡಲೇ ಎಂದು ಸಾಬರನ್ನು ಕೇಳಿದೆ.

"ತೆಗೀಬೇಡ. ನನ್ ಬೆರಳು ಸುಮ್ನೆ ಹೋದಂಗಾಗ್ತದೆ." ಬಲಗೈಯಿಂದ ಮಂಚದ ಕೆಳಗೆ ತೋರಿಸಿ, "ಚೀಲದಾಗೆ ಕಸಿ ಚಾಕು ಐತೆ, ತಗೊಂಡ್ಹೋಗು. ಇನ್ನು ನಂಗ್ಯಾಕೆ?"

ತಂದೆ. ಬಸ್ಸಿನಲ್ಲಿ ಇಡೀ ದಾರಿ ಅತ್ತೆ.

ಜೂನ್ 2
ಸಂಘದ ಅಧ್ಯಕ್ಷ ಚನ್ನರಾಯಪ್ಪ ಹೆದರಿದ್ದಾರೆ. "ನಮ್ಗ್ಯಾಕಮ್ಮ ಇದೆಲ್ಲಾ, ಎತ್ತಾಕು."

ಎತ್ತಲಿಲ್ಲ. ಸಾಬರ ಕೈಯ ಫೋಟೋ ಅಳಿಸಿ ಹೊಸ ಅರವತ್ತು ಹಾಕಿದೆ. ಈಗ ಕಾಯಿ ಹಿಡಿದಿರುವುದು ನನ್ನ ಎಡಗೈ. ಮುಂಗೈ ಮೇಲೆ 'ಸರಳಾ' ಎಂಬ ಹಚ್ಚೆ. ಕ್ರಾಪ್ ಮಾಡಲಿಲ್ಲ. ಬೇಕೆಂದೇ.

ಜೂನ್ 3, ಬೆಳಿಗ್ಗೆ 11.20
ಬಾಟ್ ಹನ್ನೊಂದು ಸಾವಿರ ಸಲ. ಟೋಕನ್ ಒಂಬತ್ತು. ಉಳಿದವೆಲ್ಲಾ ರೈತರಿಗೆ.

ಆಫೀಸಿನಲ್ಲಿ ಒಬ್ಬಳೇ. ಶಟರ್ ಎಳೆದು ಒಳಗಿನಿಂದ ಬೀಗ ಹಾಕಿಕೊಂಡಿದ್ದೇನೆ. ಹೊರಗೆ ಜೀಪು ನಿಂತ ಸದ್ದು. ಗಂಗುಲಪ್ಪನ ದನಿ: "ಸರಳಮ್ಮಾ, ತೆಗಿ. ಕಾಯಿ ಹೆಸ್ರು ಹೇಳಕ್ಕೆ ಬಂದಿದೀವಿ."

ಕಲ್ಲಿನಿಂದ ಬಡಿಯುತ್ತಿದ್ದಾರೆ. ಬೀಗ ಹೋಯಿತು. ಶಟರ್ ಗೇಣುದ್ದ ಎದ್ದಿದೆ. ಅಡಿಯಿಂದ ಬೆರಳುಗಳು ಒಳಗೆ ಬಂದಿವೆ, ಮೇಲಕ್ಕೆತ್ತಲು. ಒಂದರಲ್ಲಿ ಹವಳದುಂಗುರ.

ಪೆನ್ನು ಕೆಳಗಿಟ್ಟು ಸಾಬರ ಚಾಕು —