ಅಪ್ಪನ ಕಾಲಿನ ರೋಗಾಣು

ಪ್ರೀತಿಯ ಅಮ್ಮ,

ಅಪ್ಪನ ಜ್ವರ ಬಿಟ್ಟಿದೆ. ಕಾಲೂ ಉಳಿಯಿತು! ಮೊದಲು ಕೊಟ್ಟ ಔಷಧಿ ಯಾವುದೂ ನಾಟಿರಲಿಲ್ಲ. ಗಾಯದ ರೋಗಾಣುಗಳನ್ನು ನಮ್ಮ ಆಸ್ಪತ್ರೆಯ ಲ್ಯಾಬಿನಲ್ಲಿ ನಾನೇ ಬೆಳೆಸಿ ನೋಡಿದೆ. ಪೀಳಿಗೆಯಿಂದ ಪೀಳಿಗೆಗೆ ಬದಲಾಗುತ್ತಾ ಅವು ಆ ಔಷಧಿಗಳನ್ನೇ ಅರಗಿಸಿಕೊಳ್ಳುವಂತಾಗಿದ್ದವು. ಕೊನೆಗೂ ಅವುಗಳನ್ನು ಕೊಲ್ಲುವ ಬೇರೊಂದು ಔಷಧಿ ಸಿಕ್ಕಿತು.

ನಿನ್ನೆ ಅಪ್ಪ ತಾವಾಗಿಯೇ ಕೇಳಿದರು, "ರೋಗಾಣು ಬದಲಾಗೋದು ಅಂದ್ರೆ, ನೀನು ಹೇಳ್ತಿದ್ದ ವಿಕಾಸಾನೇನಾ?"

"ಹೌದಪ್ಪಾ, ಅದೇ" ಎಂದೆ. ಹೇಳಿದ್ದು ಅಂಜುತ್ತಲೇ. "ಈ ಮನೇಲಿ ದೇವರಿರ್ಬೇಕು, ಇಲ್ಲ ನಿನ್ನ ಮಂಗನ ಕಥೆ ಇರ್ಬೇಕು" ಎಂದು ಹಿಂದೊಮ್ಮೆ ಅವರು ನನ್ನೊಂದಿಗೆ ಮಾತು ಬಿಟ್ಟಿದ್ದು ಇದಕ್ಕೇ ಅಲ್ಲವೇ?

ಅಪ್ಪ ಬಹಳ ಹೊತ್ತು ಕಣ್ಣು ಮುಚ್ಚಿ ಪ್ರಾರ್ಥಿಸಿದರು. ಆಮೇಲೆ ಹೇಳಿದರು, "ದೇವರು ಸೃಷ್ಟಿ ಮುಗಿಸಿ ಕೈ ತೊಳ್ಕೊಂಡ ಅಂದ್ಕೊಂಡಿದ್ದೆ ಕಣೇ. ಇನ್ನೂ ಕೆಲಸ ಮಾಡ್ತಾನೇ ಇದ್ದಾನೆ!"

"ಹಾಗಾದ್ರೆ ಈ ರೋಗಾಣೂ ಅವನದೇನಾ?"

"ಅದೂ ಅವನದೇ. ಅದನ್ನ ಹಿಡಿದ ನೀನೂ ಅವನವಳೇ."

ಅಮ್ಮಾ, ನಾನು ಗೆದ್ದೆ. ಸೋತವರು ಮಾತ್ರ ಯಾರೂ ಕಾಣಿಸುತ್ತಿಲ್ಲ.

ಭಾನುವಾರ ಆಸ್ಪತ್ರೆಗೆ ಬರುವಾಗ ಅಪ್ಪನ ಕನ್ನಡಕ ಮರೆಯಬೇಡ. ಅವರು ಆ ರೋಗಾಣುವನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕಂತೆ. "ನನ್ನನ್ನ ಇಷ್ಟು ಗೋಳು ಹೊಯ್ಕೊಂಡವನ ಮುಖ ನೋಡ್ದೆ ಮನೆಗೆ ಬರಲ್ಲ" ಎಂದು ಹಠ ಹಿಡಿದು ಕೂತಿದ್ದಾರೆ.

ಇಂತಿ,
ನಿಮ್ಮಿಬ್ಬರ ಮಗಳು